ಡಿಸೈನ್ ಸಾಮಗ್ರಿ: ವರ್ಷದ ಚಂದಾ ಕಟ್ಟಬೇಕೇ, ಬೇಕಾದದ್ದನ್ನು ಬಿಡಿಯಾಗಿ ಕೊಳ್ಳಬೇಕೇ?

ಪ್ರಶ್ನೆ: ದಾವಣಗೆರೆಯಲ್ಲಿ ನಾನೂ ನನ್ನ ತಮ್ಮನೂ ಸೇರಿ ಸಣ್ಣದೊಂದು ಡಿಸೈನ್ ಮತ್ತು ಡಿಟಿಪಿ ಕೇಂದ್ರ ನಡೆಸುತ್ತಿದ್ದೇವೆ. ಲಗ್ನಪತ್ರಿಕೆ, ಅಂಗಡಿಗಳ ಬೋರ್ಡು, ಬ್ಯಾನರು, ಶಾಲಾ ಕಾಲೇಜುಗಳ ವಾರ್ಷಿಕ ಸಂಚಿಕೆ, ವಾಟ್ಸಾಪ್ ಮತ್ತು ಇನ್‌ಸ್ಟಾಗ್ರಾಮ್‌ಗೆ ಪೋಸ್ಟರು ನಮ್ಮ ಮುಖ್ಯ ಕೆಲಸ. ಈಚೆಗೆ ಲೋಗೊ ಮತ್ತು ಪ್ಯಾಕೆಟ್ ಡಿಸೈನ್‌ಗಳೂ ಬರತೊಡಗಿವೆ. ಟೆಂಪ್ಲೇಟ್, ವೆಕ್ಟರ್ (ಎಷ್ಟು ಹಿಗ್ಗಿಸಿದರೂ ಕೆಡದ ಚಿತ್ರ), ಫೋಟೊ, ಫಾಂಟ್ ಎಲ್ಲವೂ ಎಷ್ಟು ಬೇಕಾದರೂ ಸಿಗುವ ಒಂದು ಚಂದಾ ವರ್ಷಕ್ಕೆ ಸುಮಾರು 16,000 ರೂಪಾಯಿಗೆ ಸಿಗುತ್ತಿದೆ. ಅದನ್ನೇ ತೆಗೆದುಕೊಳ್ಳೋಣ ಎನ್ನುವುದು ತಮ್ಮನ ವಾದ. ಬೇಕಾದಾಗ ಬೇಕಾದಷ್ಟನ್ನೇ ಕೊಂಡರೆ ಅದು ನಮ್ಮದಾಗಿಯೇ ಉಳಿಯುತ್ತದೆ ಎನ್ನುವುದು ನನ್ನ ವಾದ. ಚಂದಾ ನಿಲ್ಲಿಸಿದ ಮೇಲೆ ಹಳೆಯ ಕೆಲಸಗಳ ಗತಿ ಏನು? ಗ್ರಾಹಕರು ಓಪನ್ ಫೈಲ್, ಅಂದರೆ ತಿದ್ದಬಹುದಾದ ಮೂಲ ಫೈಲ್, ಕೇಳಿದರೆ ಕೊಡಬಹುದೇ? ದಯವಿಟ್ಟು ತಿಳಿಸಿ.

ಉತ್ತರ: ನಿಮ್ಮಿಬ್ಬರ ವಾದದಲ್ಲೂ ಅರ್ಧರ್ಧ ಸತ್ಯವಿದೆ. ಆದರೆ ಇಬ್ಬರೂ ಒಂದು ವಿಷಯವನ್ನು ಬಿಟ್ಟಿದ್ದೀರಿ: ತಯಾರಾದ ಕೆಲಸ ಎಷ್ಟು ಕಾಲ ಬಾಳಬೇಕು, ಆ ಫೈಲನ್ನು ಮತ್ತೆ ಯಾರು, ಯಾವಾಗ ತೆರೆಯಬೇಕಾಗುತ್ತದೆ ಎಂಬುದು. ಯುಗಾದಿಯ ಶುಭಾಶಯದ ಪೋಸ್ಟರ್ ಎರಡು ದಿನ ಬಾಳುತ್ತದೆ, ಲಗ್ನಪತ್ರಿಕೆ ಮುಹೂರ್ತದವರೆಗೆ ಬಾಳುತ್ತದೆ, ಆದರೆ ಬೇಕರಿಯ ಲೋಗೊ ಹದಿನೈದು ಇಪ್ಪತ್ತು ವರ್ಷ ಬಾಳಬೇಕು ಮತ್ತು ಪ್ರತಿವರ್ಷ ಅದರ ಮೇಲೆ ಹೊಸ ಕೆಲಸ ಬೀಳುತ್ತಲೇ ಇರುತ್ತದೆ. ಬೇಗ ಮುಗಿದುಹೋಗುವ ಕೆಲಸಕ್ಕೆ ಚಂದಾ ಸರಿಹೊಂದುತ್ತದೆ. ಬಹುಕಾಲ ನಿಲ್ಲಬೇಕಾದ ಮತ್ತು ಮತ್ತೆ ಮತ್ತೆ ತಿದ್ದಬೇಕಾದ ಕೆಲಸದ ಬುನಾದಿಯಲ್ಲಿ ಚಂದಾದ ಮೇಲೆ ಅವಲಂಬಿಸಿದ ಯಾವ ವಸ್ತುವೂ ಇರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ನಿಮ್ಮ ಕೇಂದ್ರದಲ್ಲಿ ಎರಡೂ ಬಗೆಯ ಕೆಲಸ ಇರುವುದರಿಂದ ನಿಮಗೆ ಎರಡೂ ಬಗೆಯ ಖರೀದಿ ಬೇಕಾಗುತ್ತದೆ.

ಮೊದಲು ನಿಮ್ಮ ವಾದವನ್ನೇ ನೋಡೋಣ. ಬಿಡಿಯಾಗಿ ಕೊಂಡದ್ದು ನಮ್ಮದಾಗಿ ಉಳಿಯುತ್ತದೆ ಎಂಬುದು ಪೂರ್ತಿ ನಿಜವಲ್ಲ. ಹಣ ಕೊಟ್ಟು ಇಳಿಸಿಕೊಂಡ ಟೆಂಪ್ಲೇಟಿನ ಹಕ್ಕು ಅದನ್ನು ರಚಿಸಿದವರ ಬಳಿಯೇ ಇರುತ್ತದೆ, ನಿಮಗೆ ಸಿಗುವುದು ಇಂತಿಷ್ಟು ಬಳಕೆಗೆ ಅನುಮತಿ ಮಾತ್ರ, ಮತ್ತು ಆ ಅನುಮತಿಯ ಅಳತೆ ಅನೇಕ ಸಲ ನಾವು ಊಹಿಸಿದ್ದಕ್ಕಿಂತ ಚಿಕ್ಕದಾಗಿರುತ್ತದೆ. ಡಿಸೈನ್ ಸಾಮಗ್ರಿ ಮಾರುವ ಎನ್ವಾಟೋ ಸಂಸ್ಥೆಯ ಬಿಡಿ ಮಾರಾಟದ ತಾಣಗಳಲ್ಲಿ ಸಿಗುವ ರೆಗ್ಯುಲರ್ ಲೈಸೆನ್ಸನ್ನು ತೆಗೆದುಕೊಳ್ಳಿ. ಅದು ಒಬ್ಬ ಗ್ರಾಹಕನ ಒಂದು ಅಂತಿಮ ಕೆಲಸಕ್ಕೆ ಮಾತ್ರ ಅನ್ವಯಿಸುತ್ತದೆ. ಅಂದರೆ ಒಂದು ಲಗ್ನಪತ್ರಿಕೆಯ ಟೆಂಪ್ಲೇಟನ್ನು ಒಮ್ಮೆ ಕೊಂಡು, ಹೆಸರು, ಮುಹೂರ್ತ, ಕಲ್ಯಾಣ ಮಂಟಪ ಬದಲಿಸುತ್ತ ಹತ್ತು ಮನೆಯವರಿಗೆ ಮಾಡಿಕೊಟ್ಟರೆ, ಒಂಬತ್ತು ಮನೆಯವರ ಪತ್ರಿಕೆಗೆ ನಿಮ್ಮ ಬಳಿ ಲೈಸೆನ್ಸ್ ಇಲ್ಲವೆಂದೇ ಅರ್ಥ. ಕ್ರಮಬದ್ಧವಾಗಿ ನಡೆಯಬೇಕಾದರೆ ಅದನ್ನು ಹತ್ತು ಸಲ ಕೊಳ್ಳಬೇಕು. ನಮ್ಮ ಡಿಟಿಪಿ ಅಂಗಡಿಗಳಲ್ಲಿ ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬುದು ಬೇರೆ ಮಾತು. ಕ್ರಿಯೇಟಿವ್ ಮಾರ್ಕೆಟ್‌ನಂಥ ಕಡೆ ವೈಯಕ್ತಿಕ, ವಾಣಿಜ್ಯ, ವಿಸ್ತೃತ ವಾಣಿಜ್ಯ ಎಂದು ಒಂದೇ ವಸ್ತುವಿಗೆ ಮೂರು ಬೆಲೆ ಕಾಣುವುದು ಈ ಕಾರಣಕ್ಕೆ. ಕಡಿಮೆ ಬೆಲೆಯದನ್ನು ಒತ್ತಿ ಹಣ ಕಟ್ಟಿದವರು, ತಾವು ಕೊಂಡದ್ದು ಸ್ವಂತ ಮನೆಯ ನಾಮಕರಣದ ಪತ್ರಿಕೆಗೆ ಸಾಕಾಗುವಷ್ಟು ಅನುಮತಿ ಮಾತ್ರ ಎಂಬುದನ್ನು ಗಮನಿಸಿರುವುದಿಲ್ಲ.

ಇಲ್ಲಿಯೇ ನಿಮ್ಮ ತಮ್ಮನವರ ವಾದಕ್ಕೆ ಬಲ ಬರುತ್ತದೆ. 2016ರಲ್ಲಿ ಶುರುವಾದ ಎನ್ವಾಟೋ ಎಲಿಮೆಂಟ್ಸ್ ಚಂದಾದಲ್ಲಿ, ಒಂದು ವಸ್ತುವನ್ನು ಇಳಿಸಿಕೊಳ್ಳುವಾಗ ಅದು ಯಾವ ಕೆಲಸಕ್ಕೆ ಎಂದು ಹೆಸರು ಬರೆದು ನೋಂದಾಯಿಸಬೇಕು. ಅದೇ ವಸ್ತುವನ್ನು ಇನ್ನೊಂದು ಕೆಲಸಕ್ಕೆ ಬಳಸಬೇಕಾದರೆ ಇನ್ನೊಂದು ಹೆಸರಿನಲ್ಲಿ ಮತ್ತೆ ನೋಂದಾಯಿಸಬೇಕು, ಆದರೆ ಅದಕ್ಕೆ ಹೆಚ್ಚುವರಿ ಹಣವಿಲ್ಲ. ಹತ್ತು ಮದುವೆಗೆ ಒಂದೇ ಟೆಂಪ್ಲೇಟ್ ಬಳಸಿದರೂ ಹತ್ತು ಲೈಸೆನ್ಸ್ ನಿಮ್ಮ ಖಾತೆಯಲ್ಲಿ ಕ್ರಮವಾಗಿ ಕೂಡಿರುತ್ತವೆ. ಒಂದೇ ಅಚ್ಚಿನ ಕೆಲಸ ಮತ್ತೆ ಮತ್ತೆ ಬರುವ ನಿಮ್ಮಂಥ ಕೇಂದ್ರಕ್ಕೆ ಇದು ಸಣ್ಣ ಅನುಕೂಲವಲ್ಲ. ಲಗ್ನಪತ್ರಿಕೆ, ಗೃಹಪ್ರವೇಶದ ಆಹ್ವಾನ, ಹಬ್ಬದ ಪೋಸ್ಟರ್, ಅಂಗಡಿಯ ಆಫರ್ ಬ್ಯಾನರ್ ಇವುಗಳ ಮಟ್ಟಿಗೆ ನಾನು ನಿಸ್ಸಂಕೋಚವಾಗಿ ಚಂದಾದ ಪರ.

ಈಗ ಚಂದಾ ನಿಲ್ಲಿಸಿದರೆ ಏನಾಗುತ್ತದೆ ಎಂಬ ಪ್ರಶ್ನೆ. ಇದಕ್ಕೆ ಒಂದೇ ಉತ್ತರವಿಲ್ಲ, ಸಾಮಗ್ರಿಯ ಬಗೆಯನ್ನು ಅನುಸರಿಸಿ ಉತ್ತರ ಬದಲಾಗುತ್ತದೆ. ಸಿದ್ಧ ಚಿತ್ರಗಳನ್ನು ಒದಗಿಸುವ ಶಟರ್‌ಸ್ಟಾಕ್ ಅಥವಾ ಅಡೋಬಿ ಸ್ಟಾಕ್‌ನಲ್ಲಿ ಚಂದಾ ಚಾಲ್ತಿಯಲ್ಲಿದ್ದಾಗ ಲೈಸೆನ್ಸ್ ಮಾಡಿಕೊಂಡ ಫೋಟೊ ಅಥವಾ ವೆಕ್ಟರನ್ನು ಚಂದಾ ಮುಗಿದ ಮೇಲೂ ಬಳಸಬಹುದು. ಎಲಿಮೆಂಟ್ಸ್‌ನಲ್ಲಿ ಸ್ವಲ್ಪ ಬಿಗಿ: ಚಂದಾ ಇದ್ದಾಗ ನೋಂದಾಯಿಸಿ ಮುಗಿಸಿದ ಕೆಲಸ ಹಾಗೆಯೇ ಮುಂದುವರಿಯಬಹುದು, ಆದರೆ ನಿಮ್ಮ ಹಾರ್ಡ್‌ಡಿಸ್ಕಿನಲ್ಲಿ ಫೈಲ್ ಇದೆಯೆಂದು ಅದನ್ನು ಹೊಸ ಗ್ರಾಹಕರ ಕೆಲಸಕ್ಕೆ ತೆಗೆಯುವಂತಿಲ್ಲ. ಹೀಗಾಗಿ ಮುಂದಿನ ಐದು ವರ್ಷಕ್ಕೆ ಆಗುವಷ್ಟನ್ನು ಒಂದೇ ತಿಂಗಳಲ್ಲಿ ಇಳಿಸಿಕೊಂಡು ಚಂದಾ ನಿಲ್ಲಿಸಿಬಿಡುವ ಉಪಾಯ, ಬಹಳ ಜನರಿಗೆ ಹೊಳೆಯುವಂಥದ್ದೇ ಆದರೂ, ಲೈಸೆನ್ಸಿನ ದೃಷ್ಟಿಯಿಂದ ನಿಲ್ಲುವುದಿಲ್ಲ.

ನಿಜವಾದ ತೊಡಕು ಇರುವುದು ಫಾಂಟುಗಳಲ್ಲಿ, ಮತ್ತು ಕನ್ನಡದ ಕೆಲಸ ಮಾಡುವವರು ಇದನ್ನು ಉಳಿದವರಿಗಿಂತ ಹೆಚ್ಚು ಎಚ್ಚರದಿಂದ ನೋಡಬೇಕು. ಅಡೋಬಿಯ ಡಿಸೈನ್ ತಂತ್ರಾಂಶಗಳ ಚಂದಾ ಕ್ರಿಯೇಟಿವ್ ಕ್ಲೌಡ್‌ನ ಜೊತೆಗೆ ಅಡೋಬಿ ಫಾಂಟ್ಸ್ ಎಂಬ ದೊಡ್ಡ ಸಂಗ್ರಹ ಸಿಗುತ್ತದೆ. ಮೊದಲು ಟೈಪ್‌ಕಿಟ್ ಎಂದಿದ್ದ ಈ ಸೇವೆಗೆ 2018ರಲ್ಲಿ ಈ ಹೆಸರು ಬಂತು. ಇಲ್ಲಿಯ ಫಾಂಟ್ ನಿಮ್ಮ ಕೈಗೆ ಫೈಲಾಗಿ ಬರುವುದಿಲ್ಲ, ಖಾತೆ ಚಾಲ್ತಿಯಲ್ಲಿರುವವರೆಗೆ ನಿಮ್ಮ ಕಂಪ್ಯೂಟರಿನಲ್ಲಿ ಸಕ್ರಿಯವಾಗಿರುತ್ತದೆ ಅಷ್ಟೆ. ಚಂದಾ ನಿಂತರೆ ಫಾಂಟೂ ನಿಲ್ಲುತ್ತದೆ. ಫಾಂಟು ತಯಾರಿಸಿದ ಸಂಸ್ಥೆ ಅಡೋಬಿಯ ಜೊತೆಗಿನ ಒಪ್ಪಂದದಿಂದ ಹೊರಬಂದರೆ, ನೀವು ಚಂದಾ ಕಟ್ಟುತ್ತಿದ್ದರೂ ಆ ಫಾಂಟ್ ಸಂಗ್ರಹದಿಂದ ಹೋಗಬಹುದು. ಹಾಗೆ ಹೋದ ಉದಾಹರಣೆಗಳಿವೆ. ಈಗಾಗಲೇ ತಯಾರಾದ ಪಿಡಿಎಫ್‌ಗೆ ತೊಂದರೆಯಿಲ್ಲ, ಅದರಲ್ಲಿ ಫಾಂಟ್ ಅಡಕವಾಗಿರುತ್ತದೆ. ಕರ್ವ್ ಮಾಡಿಟ್ಟ, ಅಂದರೆ ಬರಿಯ ಆಕಾರವಾಗಿ ಬದಲಿಸಿದ, ಅಕ್ಷರಗಳಿಗೂ ತೊಂದರೆಯಿಲ್ಲ. ತೊಂದರೆಯಾಗುವುದು ತಿದ್ದಬೇಕಾದ ಮೂಲ ಫೈಲಿಗೆ, ಮತ್ತು ಅಲ್ಲಿಂದಲೇ ಅಕ್ಷರ ಪಡೆಯುತ್ತಿರುವ ವೆಬ್‌ಸೈಟಿಗೆ.

ಶಾಲೆಯೊಂದರ ವಾರ್ಷಿಕ ಸಂಚಿಕೆಯನ್ನೇ ಉದಾಹರಣೆಯಾಗಿ ನೋಡಿ. ಕಳೆದ ವರ್ಷ ಚಂದಾದ ಫಾಂಟನ್ನು ಬಳಸಿ ಇನ್‌ಡಿಸೈನ್ ಎಂಬ ತಂತ್ರಾಂಶದಲ್ಲಿ ಪುಟ ಕಟ್ಟಿದ್ದೀರಿ. ಈ ವರ್ಷ ಅದೇ ಫೈಲನ್ನು ತೆರೆದು ಮುಖ್ಯೋಪಾಧ್ಯಾಯರ ಮಾತು ಬದಲಿಸಿ ಕೊಡಿ ಎನ್ನುತ್ತಾರೆ. ಫಾಂಟ್ ಕಾಣೆಯಾಗಿದೆ ಎಂಬ ಸೂಚನೆ ಮೊದಲು ಬರುತ್ತದೆ, ಅದನ್ನು ಮುಚ್ಚಿದ ಕೂಡಲೇ ಪುಟದ ಅಕ್ಷರಗಳ ಹಿಂದೆಲ್ಲ ಗುಲಾಬಿ ಬಣ್ಣದ ಪಟ್ಟಿ ಮೂಡಿರುತ್ತದೆ. ಬದಲಿಗೆ ಬಂದು ಕುಳಿತ ಫಾಂಟಿನಲ್ಲಿ ಇಂಗ್ಲಿಷ್ ಅಕ್ಷರವಾದರೆ ಓದಲಾದರೂ ಬರುತ್ತದೆ. ಕನ್ನಡ ಅಕ್ಷರಗಳಿಲ್ಲದ ಫಾಂಟ್ ಬಂದು ಕೂತರೆ ಖಾಲಿ ಚೌಕಗಳು ಮಾತ್ರ ಕಾಣುತ್ತವೆ. ಕನ್ನಡವಿರುವ ಫಾಂಟೇ ಬಂದರೂ ಒತ್ತಕ್ಷರದ ಆಳ ಬೇರೆ, ಅಕ್ಷರದ ಅಗಲ ಬೇರೆ. ಸಾಲು ಒಡೆಯುವ ಜಾಗ ಬದಲಾಗಿ, ಒಂದು ಪುಟದ ಲೇಖನ ಮುಂದಿನ ಪುಟದ ಫೋಟೊದ ತಲೆಯ ಮೇಲೆ ಬಂದು ನಿಲ್ಲುತ್ತದೆ. ಒಂದು ಪ್ಯಾರಾ ತಿದ್ದಲು ಕುಳಿತವರು ಅರವತ್ತು ಪುಟವನ್ನು ಮತ್ತೆ ಕಟ್ಟಬೇಕಾಗುತ್ತದೆ, ಮತ್ತು ಆ ಶ್ರಮಕ್ಕೆ ಶಾಲೆಯವರಿಂದ ಹಣ ಕೇಳುವುದು ಹೇಗೆಂದು ಗೊತ್ತಾಗುವುದಿಲ್ಲ.

ಆದ್ದರಿಂದ ಪಠ್ಯದ ಫಾಂಟನ್ನು ಎಂದಿಗೂ ಚಂದಾದಿಂದ ತೆಗೆದುಕೊಳ್ಳಬೇಡಿ ಎನ್ನುತ್ತೇನೆ. ಅದೃಷ್ಟಕ್ಕೆ, ಕನ್ನಡದ ಮಟ್ಟಿಗೆ ಇದು ಈಗ ಕಷ್ಟದ ಮಾತಲ್ಲ. ಓಪನ್ ಫಾಂಟ್ ಲೈಸೆನ್ಸಿನಲ್ಲಿ ಬಿಡುಗಡೆಯಾದ ನೋಟೊ ಸೆರಿಫ್ ಕನ್ನಡ, ನೋಟೊ ಸಾನ್ಸ್ ಕನ್ನಡ, ಟೀರೊ ಕನ್ನಡ, ಫಾಂಟ್ ತಯಾರಕರಾದ ಏಕ್ ಟೈಪ್‌ನವರ ಅನೇಕ್ ಕನ್ನಡ ಮತ್ತು ಬಲೂ ತಮ್ಮ, ಅಕಾಯ ಕನ್ನಡಕ, ಬೆಣ್ಣೆ, ಹುಬ್ಬಳ್ಳಿ ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಈ ಲೈಸೆನ್ಸ್ ಪ್ರಕಾರ ಹಣ ಪಡೆದು ಮಾಡುವ ಕೆಲಸಕ್ಕೆ ಬಳಸಬಹುದು, ಗ್ರಾಹಕರಿಗೆ ಫಾಂಟ್ ಫೈಲ್ ಸಮೇತ ಕೊಡಬಹುದು, ಕೆಲಸದಲ್ಲಿ ಅಡಕ ಮಾಡಬಹುದು; ಫಾಂಟನ್ನು ಮಾತ್ರವೇ ಪ್ರತ್ಯೇಕವಾಗಿ ಮಾರುವಂತಿಲ್ಲ. ಇದಕ್ಕೆ ಮುಕ್ತಾಯದ ದಿನಾಂಕವೂ ಇಲ್ಲ. ಸಂಚಿಕೆಯ ಪಠ್ಯಕ್ಕೆ ನೋಟೊ ಸೆರಿಫ್ ಅಥವಾ ಟೀರೊ, ಪೋಸ್ಟರಿನ ಶೀರ್ಷಿಕೆಗೆ ಅನೇಕ್‌ನ ದಪ್ಪ, ಕಿರಿಯಗಲದ ರೂಪಗಳು ಧಾರಾಳವಾಗಿ ಸಾಲುತ್ತವೆ. ಇವುಗಳಲ್ಲಿ ಸಿಗದ ಒಂದು ವಿಶಿಷ್ಟ ರೂಪ ಬ್ರ್ಯಾಂಡಿಗೆ ಬೇಕೇ ಬೇಕೆಂದಾದರೆ ಆ ಒಂದು ಫಾಂಟನ್ನು ತಯಾರಕರಿಂದಲೇ ಬಿಡಿಯಾಗಿ ಕೊಳ್ಳಿ, ಕೊಳ್ಳುವಾಗ ಡೆಸ್ಕ್‌ಟಾಪ್, ವೆಬ್, ಆ್ಯಪ್ ಎಂಬ ಮೂರಕ್ಕೂ ಸಾಮಾನ್ಯವಾಗಿ ಬೇರೆ ಬೇರೆ ಲೈಸೆನ್ಸ್ ಇರುತ್ತದೆ ಎಂಬುದನ್ನು ನೆನಪಿಡಿ.

ಕೊಂಡದ್ದು ಶಾಶ್ವತ ಎಂಬ ನಂಬಿಕೆಗೂ ನಮ್ಮ ವೃತ್ತಿಯಲ್ಲೇ ಒಂದು ತಿದ್ದುಪಡಿ ಸಿಗುತ್ತದೆ. ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನವರ ಶ್ರೀಲಿಪಿ ಎಂಬ ಫಾಂಟ್ ತಂತ್ರಾಂಶವನ್ನು, ನಕಲು ತಡೆಯುವ ಹಾರ್ಡ್‌ವೇರ್ ಲಾಕ್ ಸಹಿತ ಕೊಂಡ ಪ್ರೆಸ್ಸುಗಳು ಬಹಳ. ಅವರು ಪುಟ ಕಟ್ಟುತ್ತಿದ್ದ ಪೇಜ್‌ಮೇಕರ್ ತಂತ್ರಾಂಶಕ್ಕೆ 2001ರಲ್ಲಿ ಬಂದ 7ನೆಯದೇ ಕೊನೆಯ ಆವೃತ್ತಿ. ಹಳೆಯ ಫೈಲುಗಳಿಗಾಗಿಯೇ ಪೇಜ್‌ಮೇಕರ್ ಇರುವ ಒಂದು ಕಂಪ್ಯೂಟರನ್ನು ಮೂಲೆಯಲ್ಲಿ ಜೋಪಾನ ಮಾಡಿಕೊಂಡವರೂ ಇದ್ದಾರೆ. ಕೊಂಡದ್ದನ್ನು ಯಾರೂ ಕಸಿದುಕೊಳ್ಳಲಿಲ್ಲ, ನಿಜ. ಆದರೆ ಆ ಹಳೆಯ ಫಾಂಟಿನಲ್ಲಿ ಕೂಡಿಸಿದ ಪಠ್ಯ ಯುನಿಕೋಡ್ (ಎಲ್ಲ ಸಾಧನಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ) ಅಲ್ಲವಾದ್ದರಿಂದ ಅದನ್ನು ಮೊಬೈಲಿಗಾಗಲಿ ವೆಬ್‌ಸೈಟಿಗಾಗಲಿ ನೇರವಾಗಿ ತರಲಾಗದೆ, ಪರಿವರ್ತಕದಲ್ಲಿ ಹಾಕಿ, ಮತ್ತೆ ಕರಡು ತಿದ್ದಬೇಕಾಯಿತು. ಹಾಗಾಗಿ ಬಿಡಿಯಾಗಿ ಕೊಳ್ಳುವಾಗ ಎಷ್ಟು ಕಾಲ ಇಟ್ಟುಕೊಳ್ಳಬಹುದು ಎಂಬುದರ ಜೊತೆಗೆ ಯಾವ ರೂಪದಲ್ಲಿದೆ ಎಂಬುದನ್ನೂ ನೋಡಬೇಕು. ಟೆಂಪ್ಲೇಟ್ ಆದರೆ ಒಂದೇ ತಂತ್ರಾಂಶದ ಒಂದೇ ಆವೃತ್ತಿಗೆ ಕಟ್ಟುಬಿದ್ದದ್ದಕ್ಕಿಂತ ಇಪಿಎಸ್ ಅಥವಾ ಎಸ್‌ವಿಜಿ ರೂಪವೂ ಜೊತೆಗಿರುವುದನ್ನು ಆರಿಸುವುದು ಲೇಸು. ಆ ರೂಪದ ಫೈಲು ಕೋರೆಲ್, ಇಲಸ್ಟ್ರೇಟರ್ ಎಂಬ ಎರಡೂ ಡಿಸೈನ್ ತಂತ್ರಾಂಶಗಳಲ್ಲಿ ತೆರೆಯುತ್ತದೆ.

ಲೆಕ್ಕಕ್ಕೆ ಬರೋಣ. ವರ್ಷಕ್ಕೆ 16,000 ರೂಪಾಯಿ, ಬಿಡಿಯಾಗಿ ಕೊಂಡರೆ ಒಂದಕ್ಕೆ ಸರಾಸರಿ 800 ರೂಪಾಯಿ ಎಂದು ಹಿಡಿದರೆ, ಇಪ್ಪತ್ತು ವಸ್ತುಗಳಿಗೆ ಎರಡೂ ಸರಿಸಮವಾಗುತ್ತದೆ. ವರ್ಷಕ್ಕೆ ಇಪ್ಪತ್ತು ಎಂದರೆ ತಿಂಗಳಿಗೆ ಎರಡೂ ಆಗಲಿಲ್ಲ, ಚಂದಾವೇ ಅಗ್ಗ ಎಂದು ಕೂಡಲೇ ತೀರ್ಮಾನಿಸಬೇಡಿ. ಎಣಿಸಬೇಕಾದದ್ದು ಇಳಿಸಿಕೊಂಡವುಗಳನ್ನಲ್ಲ, ಗ್ರಾಹಕರು ಹಣ ಕೊಟ್ಟ ಕೆಲಸದಲ್ಲಿ ಕೊನೆಯವರೆಗೂ ಉಳಿದವುಗಳನ್ನು. ಚಂದಾ ಇರುವವರ ಡೌನ್‌ಲೋಡ್ ಫೋಲ್ಡರ್ ತೆರೆದು ನೋಡಿದರೆ, ಒಂದು ಪೋಸ್ಟರಿಗೆಂದು ಇಳಿಸಿದ ಏಳೆಂಟು ಹಿನ್ನೆಲೆಗಳಲ್ಲಿ ಒಂದು ಮಾತ್ರ ಕೆಲಸಕ್ಕೆ ಬಂದಿರುತ್ತದೆ. ಎಷ್ಟು ಬೇಕಾದರೂ ಸಿಗುತ್ತದೆ ಎಂಬ ಅನುಕೂಲವೇ ಆಯ್ಕೆಯ ಸಮಯವನ್ನು ನುಂಗುತ್ತದೆ. 300 ರೂಪಾಯಿಯ ಪೋಸ್ಟರಿಗೆ ಒಂದು ಗಂಟೆ ಟೆಂಪ್ಲೇಟ್ ಹುಡುಕುವುದು ಯಾವ ಲೆಕ್ಕದಲ್ಲೂ ಲಾಭವಲ್ಲ. ನಿಮ್ಮ ಕಳೆದ ಮೂರು ತಿಂಗಳ ಬಿಲ್ ಪುಸ್ತಕವನ್ನು ತೆರೆದು, ಪ್ರತಿ ಕೆಲಸದ ಎದುರಿಗೆ ಹೊರಗಿನಿಂದ ತಂದ ಎಷ್ಟು ವಸ್ತುಗಳಿದ್ದವು ಎಂದು ಪೆನ್ಸಿಲಿನಲ್ಲಿ ಬರೆಯಿರಿ. ಮೂರು ತಿಂಗಳಿಗೆ ಹತ್ತು ಹನ್ನೆರಡು ದಾಟಿದರೆ ಚಂದಾ ಯೋಗ್ಯ. ಐದಾರರಲ್ಲಿ ನಿಂತರೆ ಬಿಡಿ ಖರೀದಿಯೇ ಸಾಕು.

ಋತುವನ್ನೂ ಮರೆಯಬೇಡಿ. ನಿಮ್ಮ ಕೆಲಸದಲ್ಲಿ ಮದುವೆಯ ಪಾಲು ದೊಡ್ಡದು, ಆಷಾಢದಲ್ಲಿ ಅದು ಬಹುಮಟ್ಟಿಗೆ ನಿಂತುಹೋಗುತ್ತದೆ. ತಿಂಗಳ ಚಂದಾ ವರ್ಷದ ಚಂದಾಕ್ಕಿಂತ ತಿಂಗಳ ಲೆಕ್ಕದಲ್ಲಿ ದುಬಾರಿ, ಕೆಲವು ಕಡೆ ಸುಮಾರು ಇಮ್ಮಡಿ. ಆದರೂ ಐದಾರು ತಿಂಗಳು ಮಾತ್ರ ಬೇಕಾಗುವವರಿಗೆ ಅದೇ ಕಡಿಮೆ ಬೀಳಬಹುದು, ಬೇಡವಾದಾಗ ನಿಲ್ಲಿಸುವ ಸ್ವಾತಂತ್ರ್ಯವೂ ಇರುತ್ತದೆ. ಇವೆರಡರ ನಡುವೆ ಮೂರನೆಯದೊಂದಿದೆ, ಅದರ ಬಗ್ಗೆ ಎಚ್ಚರ ಬೇಕು: ವರ್ಷದ ಕರಾರು, ತಿಂಗಳಿಗೊಮ್ಮೆ ಪಾವತಿ. ನೋಡಲು ತಿಂಗಳ ಚಂದಾದಂತೆಯೇ ಕಾಣುತ್ತದೆ. ಅಡೋಬಿಯಲ್ಲಿ ಇಂಥ ಕರಾರನ್ನು ಮೊದಲ 14 ದಿನಗಳ ನಂತರ ರದ್ದು ಮಾಡಿದರೆ ಉಳಿದ ತಿಂಗಳುಗಳ ಮೊತ್ತದ ಅರ್ಧವನ್ನು ಕಟ್ಟಬೇಕೆಂಬ ಷರತ್ತಿತ್ತು; ಈ ಶುಲ್ಕವನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತೋರಿಸುವುದಿಲ್ಲ ಎಂದು ಅಮೆರಿಕ ಸರ್ಕಾರ 2024ರ ಜೂನ್‌ನಲ್ಲಿ ಅಡೋಬಿಯ ಮೇಲೆ ಮೊಕದ್ದಮೆ ಹೂಡಿತು. ಹಣ ಕಟ್ಟುವ ಮೊದಲು ಈ ಒಂದು ಸಾಲನ್ನಾದರೂ ಓದಿ.

ಪಾವತಿಯ ವಿಷಯದಲ್ಲಿ ನಮ್ಮ ದೇಶದ್ದೇ ಆದ ಎರಡು ಸಂಗತಿಗಳಿವೆ. ರಿಸರ್ವ್ ಬ್ಯಾಂಕಿನ ನಿಯಮದಿಂದಾಗಿ 2021ರ ಅಕ್ಟೋಬರ್ 1ರಿಂದ ಕಾರ್ಡಿನ ಮೇಲೆ ತಾನಾಗಿ ನವೀಕರಣವಾಗುವ ಪಾವತಿಗಳಿಗೆ ಇ-ಮ್ಯಾಂಡೇಟ್, ಅಂದರೆ ಗ್ರಾಹಕರು ಮೊದಲೇ ನೋಂದಾಯಿಸಿದ ಒಪ್ಪಿಗೆ, ಬೇಕು. 2022ರ ಜೂನ್‌ನಲ್ಲಿ ಏರಿಸಿದ ಮಿತಿಯ ಪ್ರಕಾರ, 15,000 ರೂಪಾಯಿ ಮೀರಿದ ಮೊತ್ತ ಒಟಿಪಿ ಇಲ್ಲದೆ ಹೋಗುವುದಿಲ್ಲ. ನಿಮ್ಮ 16,000 ರೂಪಾಯಿ ಈ ಮಿತಿಯ ಆಚೆಗಿದೆ. ಮರೆತು ನವೀಕರಣವಾಗಿಬಿಡುವ ಭಯ ಇದರಿಂದ ತಪ್ಪುತ್ತದೆ, ಆದರೆ ಒಟಿಪಿ ಕೊಡದಿದ್ದರೆ ಚಂದಾ ಸದ್ದಿಲ್ಲದೆ ನಿಂತು, ಮದುವೆಯ ಸೀಸನ್ನಿನ ನಡುವೆ ಅದು ಗೊತ್ತಾಗಬಹುದು. ಎರಡನೆಯದು ತೆರಿಗೆ. ವಿದೇಶಿ ಸಂಸ್ಥೆಗಳಿಂದ ಪಡೆಯುವ ಇಂಥ ಆನ್‌ಲೈನ್ ಸೇವೆಗಳಿಗೆ 18% ಜಿಎಸ್‌ಟಿ ಇದೆ. ನೀವು ಜಿಎಸ್‌ಟಿ ನೋಂದಣಿ ಮಾಡಿಸದಿದ್ದರೆ ಸಂಸ್ಥೆಯೇ ಅದನ್ನು ಬೆಲೆಯ ಮೇಲೆ ಸೇರಿಸಿ ವಸೂಲು ಮಾಡಿ ಕಟ್ಟಬೇಕು, ಅದು ನಿಮಗೆ ಮರಳಿ ಬರುವುದಿಲ್ಲ. ನೋಂದಣಿ ಇದ್ದು ಜಿಎಸ್‌ಟಿ ಸಂಖ್ಯೆಯನ್ನು ಖಾತೆಯಲ್ಲಿ ನಮೂದಿಸಿದರೆ ರಿವರ್ಸ್ ಚಾರ್ಜ್ ಆಧಾರದಲ್ಲಿ ನೀವೇ ಕಟ್ಟಿ, ಸಾಮಾನ್ಯ ಯೋಜನೆಯಲ್ಲಿದ್ದರೆ ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ ಹಿಂಪಡೆಯಬಹುದು. ಡಾಲರಿನಲ್ಲಿ ಕಟ್ಟಿದರೆ ಬ್ಯಾಂಕ್ ಹಾಕುವ ವಿದೇಶಿ ವಿನಿಮಯ ಶುಲ್ಕವೂ ಸೇರುತ್ತದೆ. ನೀವು ಹೇಳಿದ 16,000 ಇವೆಲ್ಲವನ್ನೂ ಒಳಗೊಂಡ ಮೊತ್ತವೇ ಎಂದು ಒಮ್ಮೆ ಪರೀಕ್ಷಿಸಿ.

ಲೋಗೊ ಮತ್ತು ಪ್ಯಾಕೆಟ್ ಕೆಲಸಗಳ ವಿಚಾರ ಬೇರೆಯೇ. ಲೋಗೊಕ್ಕೆ ಚಂದಾದಿಂದಲೂ ಬೇಡ, ಬಿಡಿಯಾಗಿ ಕೊಂಡದ್ದೂ ಬೇಡ. ಶಟರ್‌ಸ್ಟಾಕ್, ಅಡೋಬಿ ಸ್ಟಾಕ್, ಕ್ಯಾನ್ವಾ ಮೂರೂ ತಮ್ಮ ಸಂಗ್ರಹದ ಚಿತ್ರಗಳನ್ನು ಟ್ರೇಡ್‌ಮಾರ್ಕ್ ಆಗಿ ಬಳಸಲು ಒಪ್ಪುವುದಿಲ್ಲ. ಒಪ್ಪಿದರೂ ಪ್ರಯೋಜನವಿಲ್ಲ, ಏಕೆಂದರೆ ಅದೇ ಎಲೆ, ಅದೇ ಗೋಧಿತೆನೆಯ ಚಿತ್ರವನ್ನು ಬೇರೆ ಯಾರು ಬೇಕಾದರೂ ತೆಗೆದುಕೊಳ್ಳಬಹುದು. ನಿಮ್ಮ ಗ್ರಾಹಕರು ಮುಂದೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಡಿ ನೋಂದಣಿಗೆ ಹೋದಾಗ ಆಕ್ಷೇಪಣೆ ಬಂದರೆ, ಅವರು ನೆನೆಯುವುದು ಲೋಗೊ ಮಾಡಿಕೊಟ್ಟ ನಿಮ್ಮನ್ನೇ. ಲೋಗೊವನ್ನು ಕೈಯಿಂದಲೇ ಬಿಡಿಸಿ. ಅಕ್ಷರಕ್ಕೆ ಮುಕ್ತ ಲೈಸೆನ್ಸಿನ ಫಾಂಟನ್ನು ತೆಗೆದುಕೊಂಡು ಕರ್ವ್ ಮಾಡಿ, ಆಕಾರವನ್ನು ನಿಮ್ಮ ಕಲ್ಪನೆಯಂತೆ ತಿದ್ದಿ. ಪ್ಯಾಕೆಟ್ಟಿನ ಮೇಲಿನ ಚಿತ್ರಕ್ಕೆ ಸ್ಟಾಕ್ ಫೋಟೊ ಬಳಸಬಹುದು, ಆದರೆ ಶಟರ್‌ಸ್ಟಾಕ್ ಮತ್ತು ಅಡೋಬಿ ಸ್ಟಾಕ್‌ಗಳ ಸ್ಟ್ಯಾಂಡರ್ಡ್ ಲೈಸೆನ್ಸಿನಲ್ಲಿ ಮುದ್ರಣದ ಮಿತಿ 5,00,000 ಪ್ರತಿ. ಲಗ್ನಪತ್ರಿಕೆಗೆ ಈ ಮಿತಿಯ ನೆನಪೇ ಬೇಕಿಲ್ಲ. ಚೆನ್ನಾಗಿ ಓಡುವ ಅಗರಬತ್ತಿಯ ಅಥವಾ ಮಸಾಲೆಪುಡಿಯ ಸಣ್ಣ ಪೊಟ್ಟಣ ಅದನ್ನು ದಾಟಬಲ್ಲದು. ಕ್ಯಾಲೆಂಡರ್, ಟಿ-ಶರ್ಟ್‌ಗಳಂತೆ ಚಿತ್ರವೇ ಸರಕಿನ ಮುಖ್ಯ ಆಕರ್ಷಣೆಯಾಗಿ ಅದನ್ನು ಮಾರುವುದಾದರೆ, ಪ್ರತಿ ಎಷ್ಟೇ ಇರಲಿ, ವಿಸ್ತೃತ ಲೈಸೆನ್ಸ್ ಬೇಕು. ಇಂಥ ಚಿತ್ರವನ್ನು ಬಿಡಿಯಾಗಿ, ಸರಿಯಾದ ಲೈಸೆನ್ಸಿನಲ್ಲಿ ಕೊಂಡು, ಅದರ ಬೆಲೆಯನ್ನು ಗ್ರಾಹಕರ ಬಿಲ್ಲಿನಲ್ಲಿ ಪ್ರತ್ಯೇಕ ಸಾಲಾಗಿ ತೋರಿಸುವುದು ಕ್ರಮ.

ಇನ್ನೊಂದು ಮಾತನ್ನು ನಿಮ್ಮ ತಮ್ಮನವರು ಕೇಳಿಸಿಕೊಳ್ಳಬೇಕು. ಲಕ್ಷಗಟ್ಟಲೆ ವಸ್ತುಗಳಿವೆ ಎಂಬ ಜಾಹೀರಾತು ಸುಳ್ಳಲ್ಲ, ಆದರೆ ಅವುಗಳಲ್ಲಿ ನಮ್ಮ ಕೆಲಸಕ್ಕೆ ಆಗುವಂಥವು ಎಷ್ಟು? ಗಣೇಶ, ದೀಪ, ಮಾವಿನ ತೋರಣ, ಮಂಡಲದ ವಿನ್ಯಾಸ ಬೇಕಾದಷ್ಟು ಸಿಗುತ್ತವೆ. ಅಂಬಾರಿ ಹೊತ್ತ ಆನೆ, ಕಿತ್ತೂರು ಚೆನ್ನಮ್ಮ, ಇಳಕಲ್ ಸೀರೆಯ ಸೆರಗು, ಬಸವ ಜಯಂತಿಗೆ ಒಪ್ಪುವ ಚಿತ್ರ ಬೇಕಾದಾಗ ಸಂಗ್ರಹ ಬಡವಾಗುತ್ತದೆ. ರಾಜ್ಯೋತ್ಸವದ ವೆಕ್ಟರುಗಳಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ, ಅರ್ಧಾಕ್ಷರದ ಚಿಹ್ನೆ ಸಮೇತ ಮೂಡಿರುವುದೂ ಇದೆ. ಕನ್ನಡ ಬಾರದವರು ಕನ್ನಡವನ್ನು ಜೋಡಿಸಲು ಬಾರದ ತಂತ್ರಾಂಶದಲ್ಲಿ ಮಾಡಿ ಕರ್ವ್ ಮಾಡಿಬಿಟ್ಟದ್ದು ಅದು, ತಿದ್ದಲೂ ಬರುವುದಿಲ್ಲ. ಚಂದಾ ಕಟ್ಟುವ ಮೊದಲು ನಿಮಗೆ ಕಳೆದ ವರ್ಷ ನಿಜವಾಗಿ ಬೇಕಾಗಿದ್ದ ಹತ್ತು ವಿಷಯಗಳನ್ನು ಆ ತಾಣದಲ್ಲಿ ಹುಡುಕಿ ನೋಡಿ. ಹುಡುಕಾಟಕ್ಕೆ ಹಣ ಬೇಕಿಲ್ಲ.

ಸಿಗದ ಚಿತ್ರಗಳನ್ನು ಊರಿನ ಕಲಾವಿದರಿಂದಲೇ ಬರೆಸುವುದು ಮೂರನೆಯ ದಾರಿ, ಮತ್ತು ವರ್ಷ ವರ್ಷವೂ ಬಳಸುವ ಚಿತ್ರಗಳಿಗೆ ಅದೇ ಉತ್ತಮ ದಾರಿ. ದಾವಣಗೆರೆಯಲ್ಲಿಯೇ ದೃಶ್ಯಕಲೆಯ ಕಾಲೇಜಿದೆ, ಅಲ್ಲಿ ಕಲಿತವರು ನಿಮ್ಮ ಸುತ್ತಲೇ ಇರುತ್ತಾರೆ. ಆದರೆ ಕಾಗದಪತ್ರ ಸರಿಯಾಗಿರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿದ್ದು ಹಕ್ಕು ಕೊಡುವವರ ಸಹಿ ಇರಬೇಕು. ಅವಧಿಯನ್ನು ಬರೆಯದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ಬರೆಯದಿದ್ದರೆ ಭಾರತಕ್ಕೆ ಮಾತ್ರವೆಂದೂ ಕಾಯ್ದೆಯೇ ಭಾವಿಸುತ್ತದೆ. ದುಡ್ಡು ಕೊಟ್ಟು ಬರೆಸಿದ್ದೇನೆ, ಆದ್ದರಿಂದ ಎಂದೆಂದಿಗೂ ನನ್ನದು ಎಂಬ ತಿಳಿವಳಿಕೆ ಇಲ್ಲಿ ಕೈಕೊಡಬಹುದು. ಒಂದು ಪುಟದ ಒಪ್ಪಂದದಲ್ಲಿ ಯಾವ ಚಿತ್ರ, ಯಾವ ಬಳಕೆ, ಎಷ್ಟು ಕಾಲ, ಎಲ್ಲೆಲ್ಲಿ, ಎಷ್ಟು ಹಣ ಎಂಬುದನ್ನು ಬರೆದು ಇಬ್ಬರೂ ಸಹಿ ಮಾಡಿದರೆ ಸಾಕು.

ಟೆಲಿಗ್ರಾಂ ಗುಂಪುಗಳಲ್ಲಿ ತಿಂಗಳಿಗೆ ಇನ್ನೂರು ಮುನ್ನೂರು ರೂಪಾಯಿಗೆ ಹಂಚಿಕೆಯ ಖಾತೆ ಕೊಡುತ್ತೇವೆ ಎನ್ನುವವರ ಹತ್ತಿರ, ಹತ್ತು ಸಾವಿರ ಪಿಎಸ್‌ಡಿಗಳನ್ನು (ಫೋಟೊಶಾಪ್ ಫೈಲುಗಳನ್ನು) ಪೆನ್‌ಡ್ರೈವಿನಲ್ಲಿ ತುಂಬಿ ಕೊಡುವವರ ಹತ್ತಿರ ಹೋಗಬೇಡಿ. ಅಲ್ಲಿ ಸಿಗುವುದು ಫೈಲ್ ಮಾತ್ರ. ಲೈಸೆನ್ಸ್ ಇರುವುದು ಆ ಖಾತೆಯ ಹೆಸರಿನವರಿಗೆ, ಅದೂ ಇದ್ದರೆ.

ನೀವು ಯಾವ ದಾರಿ ಹಿಡಿದರೂ ದಾಖಲೆ ಇಡುವ ಅಭ್ಯಾಸ ಮೊದಲ ದಿನದಿಂದಲೇ ಶುರುವಾಗಲಿ. ಪ್ರತಿ ಗ್ರಾಹಕರ ಫೋಲ್ಡರಿನ ಒಳಗೆ ಲೈಸೆನ್ಸ್ ಎಂಬ ಇನ್ನೊಂದು ಫೋಲ್ಡರ್ ಇರಲಿ. ವಸ್ತುವಿನ ಹೆಸರು ಮತ್ತು ಸಂಖ್ಯೆ, ಇಳಿಸಿದ ದಿನಾಂಕ, ನೋಂದಾಯಿಸಿದ ಕೆಲಸದ ಹೆಸರು, ಲೈಸೆನ್ಸಿನ ಪಿಡಿಎಫ್, ಅಂದಿನ ಷರತ್ತುಗಳ ಪ್ರತಿ ಅದರಲ್ಲಿರಲಿ. ಷರತ್ತುಗಳ ಪ್ರತಿ ಏಕೆಂದರೆ, ಈ ಸಂಸ್ಥೆಗಳ ಒಡೆತನವೂ ನಿಯಮಗಳೂ ಬದಲಾಗುತ್ತಲೇ ಇರುತ್ತವೆ: ಎನ್ವಾಟೋವನ್ನು 2024ರಲ್ಲಿ ಶಟರ್‌ಸ್ಟಾಕ್ ಕೊಂಡಿತು, ಶಟರ್‌ಸ್ಟಾಕ್ ಮತ್ತು ಗೆಟ್ಟಿ ಇಮೇಜಸ್ ತಾವು ಒಂದಾಗುವುದಾಗಿ 2025ರ ಜನವರಿಯಲ್ಲಿ ಪ್ರಕಟಿಸಿದವು. ಇಂದು ನೀವು ಒಪ್ಪಿಕೊಂಡ ಷರತ್ತಿನ ಪುಟ ಐದು ವರ್ಷದ ನಂತರ ಅದೇ ವಿಳಾಸದಲ್ಲಿ ಅದೇ ಮಾತುಗಳಲ್ಲಿ ಇರುತ್ತದೆ ಎಂದು ನಂಬಿ ಕೂರುವಂತಿಲ್ಲ.

ಕೊನೆಯದಾಗಿ ಓಪನ್ ಫೈಲ್. ಮುದ್ರಣಕ್ಕೆ ಸಿದ್ಧವಾದ ಪಿಡಿಎಫ್, ಕರ್ವ್ ಮಾಡಿದ ಸಿಡಿಆರ್ (ಕೋರೆಲ್ ಫೈಲ್), ಲೋಗೊದ ವೆಕ್ಟರ್ ಇವುಗಳನ್ನು ಧಾರಾಳವಾಗಿ ಕೊಡಿ. ಪದರ ಪದರವಾಗಿ ಬಿಡಿಸಬಹುದಾದ ಫೈಲಿನಲ್ಲಿ ಸ್ಟಾಕ್ ಚಿತ್ರ ತನ್ನ ಮೂಲ ರೂಪದಲ್ಲೇ ಇದ್ದರೆ, ಗ್ರಾಹಕರು ಅದನ್ನು ಹೊರತೆಗೆದು ಬೇರೆ ಕೆಲಸಕ್ಕೆ ಬಳಸಬಹುದಾದ್ದರಿಂದ ಹಾಗೆ ಕೊಡಲು ನಿಮ್ಮ ಲೈಸೆನ್ಸ್ ಸಾಮಾನ್ಯವಾಗಿ ಒಪ್ಪುವುದಿಲ್ಲ. ಅಡೋಬಿ ಫಾಂಟ್ಸ್‌ನ ಫಾಂಟನ್ನು ಕೊಡುವ ಪ್ರಶ್ನೆಯೇ ಇಲ್ಲ, ಆ ಫೈಲನ್ನು ತಿದ್ದಬೇಕಾದ ಗ್ರಾಹಕರಿಗೆ ತಮ್ಮದೇ ಚಂದಾ ಇರಬೇಕು. ಓಪನ್ ಫೈಲ್ ಕೇಳುವ ಸಾಧ್ಯತೆ ಇರುವ ಬ್ರ್ಯಾಂಡ್ ಕೆಲಸಗಳಲ್ಲಿ ಚಿತ್ರಗಳನ್ನು ಗ್ರಾಹಕರ ಹೆಸರಿನ ಖಾತೆಯಲ್ಲೇ ಬಿಡಿಯಾಗಿ ಕೊಳ್ಳಿಸಿ, ಫಾಂಟ್ ಮುಕ್ತ ಲೈಸೆನ್ಸಿನದನ್ನೇ ಬಳಸಿ. ಆಗ ಎಲ್ಲವನ್ನೂ ಕೊಟ್ಟು ಕೈತೊಳೆದುಕೊಳ್ಳಬಹುದು. ಉಳಿದ ಕೆಲಸಗಳಿಗೆ ಕೊಟೇಶನ್ನಿನಲ್ಲಿಯೇ ಎರಡು ಸಾಲು ಬರೆದುಬಿಡಿ: ಮುದ್ರಣದ ಫೈಲ್ ಬೆಲೆಯಲ್ಲಿ ಸೇರಿದೆ, ತಿದ್ದಬಹುದಾದ ಫೈಲಿಗೆ ಪ್ರತ್ಯೇಕ ದರ, ಮತ್ತು ಅದರಲ್ಲಿ ಮೂರನೆಯವರ ಚಿತ್ರ, ಫಾಂಟುಗಳು ಇರುವುದಿಲ್ಲ. ಮುದ್ರಣದ ಪ್ಲೇಟ್ ತಯಾರಾಗಿ, ಅಚ್ಚು ಮುಗಿದ ಮೇಲೆ ಇದೇ ಮಾತನ್ನು ಹೇಳಿದರೆ ಗ್ರಾಹಕರಿಗೆ ಅದು ಫೈಲ್ ಕೊಡದಿರಲು ಹೂಡಿದ ನೆಪದಂತೆಯೇ ಕೇಳಿಸುತ್ತದೆ.